ಭಾರ ಹಂಚಿದರೆ ಅರ್ಧವಾಗುವುದಿಲ್ಲ

ಬೊರಿವಲಿ ಪಶ್ಚಿಮದಲ್ಲಿ ಈಗ ಗಲ್ಲಿಗೊಂದು ಕಟ್ಟಡ ರೀಡೆವಲಪ್‌ಮೆಂಟ್‌ಗೆ ಹೋಗಿದೆ. ಮನೆಯಿಂದ ಆಫೀಸು ಕೆಲಸ ಮಾಡುವ ನನ್ನ ಮೇಜಿನ ಎದುರಿನ ಕಿಟಕಿಯಲ್ಲಿ ಮೊದಲು ಮರ ಕಾಣುತ್ತಿತ್ತು, ಈಗ ಕ್ರೇನ್ ಕಾಣುತ್ತದೆ.

ಮೊನ್ನೆ ಮೀಟಿಂಗ್ ಮಧ್ಯೆ ಕೆಳಗಿನಿಂದ ಕೂಗು ಕೇಳಿತು: "ಏ ತಮ್ಮಾ, ಬುಡಕ ನಿಂದ್ರಬ್ಯಾಡೋ!" ಬೊರಿವಲಿಯಲ್ಲಿ ಅಪ್ಪಟ ಬಿಜಾಪುರದ ಕನ್ನಡ! ಸಂಜೆ ಇಳಿದು ಹೋಗಿ ಮಾತಾಡಿಸಿದೆ. ಇಂಡಿ ಕಡೆಯವರು. ಕ್ರೇನ್‌ಗೆ ಭಾರ ಕಟ್ಟುವ ರಿಗ್ಗರ್ ಕೆಲಸ.

"ಎರಡು ಸ್ಲಿಂಗ್ ಇವೆಯಲ್ಲ, ಒಂದು ಟನ್ ಕಬ್ಬಿಣಕ್ಕೆ ತಲಾ ಅರ್ಧ ಟನ್ ತಾನೇ?" ಎಂದೆ. ಸರ್ವರ್‌ಗಳಿಗೆ ಲೋಡ್ ಹಂಚಿ ರೂಢಿಯಾದವನು ನಾನು. ಅವರು ನಕ್ಕರು. "ನೆಟ್ಟಗಿದ್ರ ಅರ್ಧರ್ಧರಿ. ಕಾಲು ಅಗಲಿಸಿದ್ರ ಲೆಕ್ಕಾನ ಬ್ಯಾರೆ."

ಮನೆಗೆ ಬಂದು ಲೆಕ್ಕ ಹಾಕಿದೆ. ಭಾರ 1000 ಕೆ.ಜಿ. ಸ್ಲಿಂಗ್ ನೆಲಕ್ಕೆ 60 ಡಿಗ್ರಿ ಕೋನದಲ್ಲಿದ್ದರೆ ಒಂದೊಂದರ ಮೇಲೆ ಬೀಳುವ ಎಳೆತ ಸುಮಾರು 577 ಕೆ.ಜಿ. 45 ಡಿಗ್ರಿಗೆ ಇಳಿದರೆ 707. 30 ಡಿಗ್ರಿಯಲ್ಲಿ ಪೂರ್ತಿ 1000! ಎರಡು ಕಟ್ಟಿಯೂ ಒಂದರಲ್ಲೇ ನೇತುಹಾಕಿದಂತೆ. ನಂಬಿಕೆ ಬರದಿದ್ದರೆ ನೀರು ತುಂಬಿದ ಬಕೆಟ್ಟಿನ ಹಿಡಿಗೆ ಟವೆಲ್ ತೂರಿಸಿ ಇಬ್ಬರು ಹಿಡಿದೆತ್ತಿ, ದೂರ ದೂರ ಸರಿಯುತ್ತಾ ಹೋಗಿ. ತೋಳೇ ಹೇಳುತ್ತದೆ.

ಮರುದಿನ ಅವರು ಸಾಮಾನುಗಳನ್ನು ತೋರಿಸಿದರು. ಪ್ರತಿ ಸ್ಲಿಂಗ್‌ಗೂ, ಶಾಕಲ್‌ಗೂ ಎಷ್ಟು ಭಾರಕ್ಕೆ ಸೈ ಎಂಬ ಗುರುತು ಇರಬೇಕು. ಗುರುತು ಅಳಿಸಿದ್ದರೆ ಅದನ್ನು ಬಳಸಬಾರದು. ಉಕ್ಕಿನ ಹಗ್ಗದ ಸ್ಲಿಂಗ್ ಸಾಮಾನ್ಯವಾಗಿ ಬರೆದದ್ದರ ಐದು ಪಟ್ಟು ತಡೆಯುವಂತೆ ಮಾಡಿರುತ್ತಾರೆ. ಆದರೆ ಆ ಹೆಚ್ಚುವರಿ ಶಕ್ತಿ ಜರ್ಕಿಗೆ, ಸವೆತಕ್ಕೆ ಮೀಸಲು, ನಮ್ಮ ಅವಸರಕ್ಕಲ್ಲ. ಬೆಲ್ಟ್ ಸ್ಲಿಂಗ್‌ಗೆ ಗಂಟು ಹಾಕಬಾರದು. ಸಾದಾ ಐಬೋಲ್ಟನ್ನು ನೇರ ಮೇಲಕ್ಕಷ್ಟೇ ಎಳೆಯಬೇಕು, ಓರೆಯಾಗಿ ಎಳೆದರೆ ಬಾಗುತ್ತದೆ. ಹುಕ್ಕಿನ ಬಾಯಿಗೆ ಲ್ಯಾಚ್ ಬೇಕೇ ಬೇಕು. ಎತ್ತುವ ಸರಪಳಿ, ಹಗ್ಗಗಳನ್ನು ವರ್ಷಕ್ಕೊಮ್ಮೆಯಾದರೂ ಅರ್ಹರಿಂದ ಪರೀಕ್ಷಿಸಬೇಕೆಂದು 1948ರ ಕಾರ್ಖಾನೆ ಕಾಯ್ದೆಯ 29ನೇ ಕಲಮಿನಲ್ಲೇ ಬರೆದಿದ್ದರು.

ಆಗ ಕಣ್ಣಿಗೆ ಬಿತ್ತು: ಒಂದು ಶಾಕಲ್‌ನಲ್ಲಿ ಪಿನ್ ಬದಲು ಅಂಗಡಿಯ ಸಾದಾ ಬೋಲ್ಟ್.

"ಇದು?"

"ಪಿನ್ ಕಳದೈತ್ರಿ. ತರ್ತೀವಿ ಅಂದು ಎಂಟು ದಿನ ಆತು. ಮತ್ತ ಕೇಳಿದ್ರ, ನಾಳೆ ಬರಬ್ಯಾಡ ಅಂತಾರ."

ನನಗೆ ನಾಚಿಕೆಯಾಯಿತು. ಗೊತ್ತಿರುವವರಿಗೆ ಹೇಳುವ ಅಧಿಕಾರವಿಲ್ಲ. ಹೇಳಬಲ್ಲ ನಾವು ಕಿಟಕಿ ಮುಚ್ಚಿ ಧೂಳಿನ ಬಗ್ಗೆ ಗೊಣಗುತ್ತೇವೆ. ಅದೇ ಗಲ್ಲಿಯಲ್ಲಿ ನಮ್ಮ ಮಕ್ಕಳು ಟ್ಯೂಷನ್‌ಗೆ ಹೋಗುತ್ತಾರೆ.

ಸೊಸೈಟಿಯ ಇಬ್ಬರನ್ನು ಕರೆದುಕೊಂಡು ಸೈಟ್ ಎಂಜಿನಿಯರ್ ಬಳಿ ಹೋದೆ. ರಿಗ್ಗರ್ ಹೆಸರು ಎತ್ತಲಿಲ್ಲ, "ಕಿಟಕಿಯಿಂದ ಫೋಟೋ ತೆಗೆದಿದ್ದೇವೆ" ಎಂದಷ್ಟೇ ಹೇಳಿದೆವು. ಮೊದಲು "ಕೆಲಸ ತಡವಾಗುತ್ತದೆ" ಎಂಬ ಉತ್ತರ ಬಂತು. ಸಂಜೆಗೆ ಹೊಸ ಶಾಕಲ್ ಬಂತು. ಅದರ ಬೆಲೆ ನಾವು ತರಿಸುವ ಒಂದು ಪಿಜ್ಜಾದಷ್ಟು.

2023ರ ಜುಲೈ 31ರ ನಡುರಾತ್ರಿಯ ಹೊತ್ತಿಗೆ, ಠಾಣೆ ಜಿಲ್ಲೆಯ ಶಹಾಪುರದ ಬಳಿ ಸಮೃದ್ಧಿ ಹೆದ್ದಾರಿ ಕಾಮಗಾರಿಯಲ್ಲಿ ಗರ್ಡರ್ ಕೂರಿಸುವ ಯಂತ್ರ ಕುಸಿದು 20 ಮಂದಿ ಸತ್ತರು. ಅಲ್ಲಿನ ಯಂತ್ರ ದೊಡ್ಡದು, ನಮ್ಮ ಗಲ್ಲಿಯ ಕ್ರೇನ್ ಚಿಕ್ಕದು. ಕೆಳಗೆ ನಿಂತವರಿಗೆ ಅದರಿಂದ ವ್ಯತ್ಯಾಸವೇನೂ ಇಲ್ಲ.

ನಿಮ್ಮ ಪಕ್ಕದಲ್ಲೂ ಕ್ರೇನ್ ಇರಬಹುದು. ಭಾರ ಎತ್ತುವಾಗ ಕೆಳಗೆ ಹಗ್ಗ ಕಟ್ಟಿ ದಾರಿ ತಡೆಯುತ್ತಾರೆಯೇ, ಸೀಟಿ ಊದುವವರು ಇದ್ದಾರೆಯೇ, ಸ್ಲಿಂಗ್‌ನ ಕಾಲು ತೀರಾ ಅಗಲಿವೆಯೇ, ಒಮ್ಮೆ ನೋಡಿ. ಇಲ್ಲದಿದ್ದರೆ ಹೋಗಿ ಕೇಳಿ. ಮತ್ತೆ, ತೂಗುವ ಭಾರದ ಬುಡಕ್ಕೆ ಮಾತ್ರ ನಿಲ್ಲಬೇಡಿ.