ಭಂಡಸಾಲೆಯ ಗೋಡೆ

ನಮ್ಮ ಕರಾವಳಿಯ ಹಿರಿಯರು ಸರಕು ತುಂಬಿಡುವ ಗೋದಾಮನ್ನು ಭಂಡಸಾಲೆ ಎನ್ನುತ್ತಿದ್ದರು. ಮಲೆಯಾಳದಲ್ಲಿ ಅದು ಪಾಂಡಿಕಶಾಲೆ. ಅಂತಹ ಭಂಡಸಾಲೆಗಳಲ್ಲಿ ಇಂದು ಹೆಚ್ಚು ಹೆಸರಾದುದು ಫೋರ್ಟ್ ಕೊಚ್ಚಿಯ ಆಸ್ಪಿನ್‌ವಾಲ್ ಹೌಸ್.

1867ರಲ್ಲಿ ಜಾನ್ ಎಚ್. ಆಸ್ಪಿನ್‌ವಾಲ್ ಎಂಬ ಇಂಗ್ಲಿಷ್ ವರ್ತಕನು ಆರಂಭಿಸಿದ ಕಂಪೆನಿಯ ನೆಲೆ ಇದು. ಕಚೇರಿ, ಬಂಗಲೆ, ಗೋದಾಮುಗಳು ಎಲ್ಲವೂ ನೀರಿನಂಚಿನ ಒಂದೇ ಆವರಣದಲ್ಲಿವೆ. ತೆಂಗಿನೆಣ್ಣೆ, ಕಾಳುಮೆಣಸು, ಶುಂಠಿ, ಅರಸಿನ, ಮರಮಟ್ಟುಗಳ ವ್ಯಾಪಾರ ಮೊದಲಿಗೆ. ತೆಂಗಿನ ನಾರು, ಕಾಫಿ, ಚಹಾ, ರಬ್ಬರ್ ಆಮೇಲೆ. ಕಾಳುಮೆಣಸಿಗೆ ತೇವ ತಗಲಿದರೆ ಬೂಸ್ಟು ಹಿಡಿಯುತ್ತದೆ. ಆದ್ದರಿಂದ ಭಂಡಸಾಲೆಗೆ ದಪ್ಪ ಗೋಡೆ, ಗಾಳಿಯಾಡುವ ಎತ್ತರದ ಮಾಡು, ಹೊರೆ ಹೊತ್ತವನು ಬಗ್ಗದೆ ನುಗ್ಗುವಂತಹ ಬಾಗಿಲು ಬೇಕು.

ರಾಬರ್ಟ್ ಬ್ರಿಸ್ಟೋ ಎಂಬ ಎಂಜಿನಿಯರನ ನೇತೃತ್ವದಲ್ಲಿ ವಿಲ್ಲಿಂಗ್ಡನ್ ದ್ವೀಪದ ಬಂದರು ಎದ್ದ ಮೇಲೆ ಹಡಗುಗಳು ಅತ್ತ ಹೋದವು. 2011ರಲ್ಲಿ ವಲ್ಲಾರ್ಪಾಡಂನಲ್ಲಿ ಕಂಟೈನರ್ ನಿಲ್ದಾಣವೇ ಬಂದಿತು. ಉಕ್ಕಿನ ಪೆಟ್ಟಿಗೆಯಲ್ಲಿ ಸಾಗುವ ಸರಕಿಗೆ ಹಳೆಯ ಭಂಡಸಾಲೆಯ ಹಂಗಿಲ್ಲ.

ಹೀಗೆ ಬರಿದಾದ ಆವರಣಕ್ಕೆ 2012ರ ಡಿಸೆಂಬರ್ 12ರಂದು ಕೊಚ್ಚಿ-ಮುಜಿರಿಸ್ ಬಿಯನಾಲೆ ಎಂಬ ಕಲಾಪ್ರದರ್ಶನ ಬಂದಿತು. ಮೆಣಸಿನ ಮೂಟೆಗಳಿಗೆ ಒದಗಿದ ಎತ್ತರವೇ ದೊಡ್ಡ ಶಿಲ್ಪಗಳಿಗೂ ಒದಗಿತು. ಕೆಡವಿ ಹೋಟೆಲು ಕಟ್ಟುವುದಕ್ಕಿಂತ ಇದು ಎಷ್ಟೋ ಮೇಲು. ಬಳಸದ ಕಟ್ಟಡವನ್ನು ಮಳೆಗಾಲವೇ ನುಂಗುತ್ತದೆ. ನಮ್ಮೂರ ಹಳೆಯ ಶಾಲೆಗಳನ್ನು ಕಂಡವರಿಗೆ ಇದನ್ನು ಬೇರೆ ಹೇಳಬೇಕಿಲ್ಲ.

ಆದರೂ ನನ್ನದೊಂದು ತಕರಾರಿದೆ. ಇಂತಹ ಕಟ್ಟಡಗಳ ಕಥೆ ಹೇಳುವಾಗ ನಾವು ಮೊದಲು ವರ್ತಕನನ್ನು ನೆನೆಯುತ್ತೇವೆ, ಈಗ ಕಲಾವಿದನನ್ನು. ನಡುವೆ ಮೂಟೆ ಹೊತ್ತವನು ಎಲ್ಲಿ? ಕೊಚ್ಚಿ ಬಂದರಿನಲ್ಲಿ ಒಂದು ಕಾಲಕ್ಕೆ 'ಚಾಪ್ಪ' ಎಂಬ ಪದ್ಧತಿಯಿತ್ತು. ಕೆಲಸಕ್ಕಾಗಿ ಕಾದು ನಿಂತ ಗುಂಪಿನ ಮೇಲೆ ಲೋಹದ ಬಿಲ್ಲೆಗಳನ್ನು ಎಸೆಯುತ್ತಿದ್ದರು. ನೂಕಾಡಿ, ಹೊಡೆದಾಡಿ ಬಿಲ್ಲೆ ಹಿಡಿದವನಿಗೆ ಅಂದಿನ ಕೂಲಿ. ಉಳಿದವರ ಮನೆಯಲ್ಲಿ ಒಲೆ ಹೊತ್ತುವುದೇ ಸಂಶಯ. ಇದರ ವಿರುದ್ಧ ಕಾರ್ಮಿಕರು ಹೋರಾಡಿದರು. 1953ರ ಸೆಪ್ಟೆಂಬರ್ 15ರಂದು ಮಟ್ಟಾಂಚೇರಿಯಲ್ಲಿ ಗೋಲಿಬಾರ್ ಆಯಿತು, ಪ್ರಾಣಗಳು ಹೋದವು. 2023ರಲ್ಲಿ ಬಂದ 'ತುರಮುಖಂ' ಎಂಬ ಮಲೆಯಾಳ ಚಲನಚಿತ್ರದ ವಸ್ತು ಇದೇ.

ಬಂದರಿನ ಹಳೆಯ ಭಂಡಸಾಲೆ ಯಾವ ಹೊಸ ಕೆಲಸಕ್ಕೆ ಬಳಕೆಯಾದರೂ ಅದರ ಒಂದು ಗೋಡೆಯಾದರೂ ಈ ಜನರಿಗೆ ಖಾಯಂ ಆಗಿ ಮೀಸಲಾಗಬೇಕು. ಚಿತ್ರ ನೋಡಲು ಬಂದವರಿಗೆ ಕೂಲಿಯ ಲೆಕ್ಕ ಏಕೆ ಎಂದು ಕೇಳುವವರು ಇರಬಹುದು. ಅವರು ನಿಂತಿರುವ ನೆಲದ ಮೇಲೆ ಮೂಟೆಗಳು ತಾವಾಗಿಯೇ ನಡೆದು ಬಂದಿರಲಿಲ್ಲ. ಗೋಡೆಯ ಮೇಲೆ ಹೆಚ್ಚೇನೂ ಬೇಡ: ಒಂದು ಬಿಲ್ಲೆ, ಒಂದು ತಕ್ಕಡಿ, ಮೂಟೆ ಎತ್ತುವ ಒಂದು ಕೊಕ್ಕೆ, ದೊರೆತಷ್ಟು ಹೆಸರುಗಳು.