ಸಾಯದ ನೆಲಕ್ಕೆ ಸಾವಿನ ಹೆಸರು

ಕ್ಯಾಲಿಫೋರ್ನಿಯಾದ ‘ಡೆತ್ ವ್ಯಾಲಿ’ಗೆ ಹೋಗಿಬರುವ ನಮ್ಮ ಪ್ರವಾಸ ಲೇಖಕರು ಅದನ್ನು ‘ಮೃತ್ಯುಕಣಿವೆ’ ಎಂದು ಕನ್ನಡಿಸಿ, ಅಷ್ಟಕ್ಕೇ ತೃಪ್ತರಾಗದೆ, ನಿರ್ಜೀವ, ನಿರ್ಜನ, ನಿಶ್ಚಲ ಎಂಬ ಮೂರು ವಿಶೇಷಣಗಳನ್ನೂ ತೊಡಿಸುತ್ತಾರೆ. ಪ್ರಾಸ ಸೊಗಸಾಗಿದೆ; ಮೂರೂ ಸುಳ್ಳು. ಕನ್ನಡದ ಮೇಷ್ಟರಿಗೆ ಅಮೆರಿಕದ ಮರುಭೂಮಿಯ ಉಸಾಬರಿ ಏಕೆಂದರೆ, ಖೋಟಾ ಮಾತು ಚಲಾವಣೆಗೆ ಬಂದಾಗ ಹಿಡಿಯುವುದು ನಮ್ಮ ಕಸುಬೇ ತಾನೆ?

ನಿರ್ಜೀವವೆಂಬ ಆ ಕಣಿವೆಯ ಉಪ್ಪುಹೊಳೆಯಲ್ಲಿ ಬೆರಳುದ್ದವೂ ಇಲ್ಲದ ಮೀನುಗಳು ಸಂಸಾರ ಹೂಡಿವೆ. ಇನ್ನು ನಿರ್ಜನ. ಹೆಸರಿಟ್ಟವರು 1849ರಲ್ಲಿ ಚಿನ್ನದಾಸೆಗೆ ಹೊರಟು, ಹತ್ತಿರದ ದಾರಿಯೆಂದು ನುಗ್ಗಿ ಸಿಕ್ಕಿಬಿದ್ದವರು. ಆ ವೇಳೆಗೆ ಟಿಂಬಿಷಾ ಶೊಶೋನಿ ಜನ ಅಲ್ಲಿ ಮಸ್ಕೀಟ್ ಕಾಯಿ ಕುಟ್ಟಿ ಹಿಟ್ಟು ಮಾಡಿಕೊಂಡು ಎಷ್ಟೋ ತಲೆಮಾರು ಬಾಳಿದ್ದರು. 1933ರಲ್ಲಿ ಸರ್ಕಾರ ಆ ನೆಲವನ್ನು ರಾಷ್ಟ್ರೀಯ ಸ್ಮಾರಕವೆಂದು ಸಾರಿದಾಗ ಅವರನ್ನು ಕೇಳಲಿಲ್ಲ. ಅದರಲ್ಲೊಂದು ತುಂಡು ಕಾನೂನಿನ ಮೂಲಕ ಅವರಿಗೆ ಮರಳಲು 2000ನೆಯ ಇಸವಿ ಬರಬೇಕಾಯಿತು. ಈಗಲೂ ಫರ್ನೇಸ್ ಕ್ರೀಕಿನಲ್ಲಿ ಅವರ ಊರಿದೆ. ನಿರ್ಜನವಂತೆ!

ನಿಶ್ಚಲವೆಂಬುದಂತೂ ಶುದ್ಧ ಅಪಚಾರ. 2023ರ ಆಗಸ್ಟ್ 20ರಂದು ಅಲ್ಲಿ ಒಂದು ವರ್ಷದ ಮಳೆ ಒಂದೇ ದಿನ ಸುರಿದು ರಸ್ತೆಗಳು ಕೊಚ್ಚಿಹೋದವು. ಸಮುದ್ರಮಟ್ಟಕ್ಕಿಂತ 282 ಅಡಿ ಕೆಳಗಿರುವ ಉಪ್ಪಿನ ಬಯಲು ಸರೋವರವಾಯಿತು. ಬೆಟ್ಟದ ಕೊರಕಲುಗಳ ಬಾಯಲ್ಲಿ ಬೀಸಣಿಗೆಯಂತೆ ಹರಡಿರುವ ಜಲ್ಲಿರಾಶಿಗಳೆಲ್ಲ ಇಂಥ ನೆರೆಗಳೇ ಹೊತ್ತುತಂದವು. ಅಷ್ಟೇಕೆ, ಅಲ್ಲಿ ಕಲ್ಲೂ ನಡೆಯುತ್ತದೆ! ಉಬೆಹೀಬಿ ಅಗ್ನಿಕುಂಡದಿಂದ 27 ಮೈಲಿ ಮೈಮೂಳೆ ಕುಲುಕುವ ಕಚ್ಚಾ ರಸ್ತೆಯಲ್ಲಿ ಹೋದರೆ ‘ರೇಸ್‌ಟ್ರ್ಯಾಕ್’ ಎಂಬ ಒಣಕೆರೆಯ ಅಂಗಳ. ಚಳಿಗಾಲದಲ್ಲಿ ನಿಂತ ತೆಳುನೀರು ಇರುಳು ಹೆಪ್ಪುಗಟ್ಟಿ, ಬಿಸಿಲೇರಿದಾಗ ಹಾಳೆಹಾಳೆಯಾಗಿ ಒಡೆಯುತ್ತದೆ. ಮೆಲುಗಾಳಿ ಆ ಹಾಳೆಗಳನ್ನು ನೂಕುತ್ತದೆ, ಅವು ಕೆಸರಿನ ಮೇಲೆ ಕಲ್ಲುಗಳನ್ನು ನೂಕುತ್ತವೆ. ವಿಜ್ಞಾನಿಗಳು ಇದನ್ನು 2013ರ ಡಿಸೆಂಬರಿನಲ್ಲಿ ಕಣ್ಣಾರೆ ಕಂಡು, ಮರುವರ್ಷ ಪ್ರಕಟಿಸಿದರು.

ಕಲ್ಲುಗಳು ಗೀಚಿದ ಆ ಗೆರೆಗಳ ಅಂಗಳದಲ್ಲೇ 2016ರಲ್ಲಿ ಯಾರೋ ಮಹಾಶಯ ಮೋಟಾರು ಓಡಿಸಿ ಹತ್ತು ಮೈಲಿಯಷ್ಟು ಚಕ್ರದ ಗಾಯ ಬಿಟ್ಟುಹೋದ. ನೆಲ ಸತ್ತಿದೆಯೆಂದು ನಂಬಿದವನಿಗೆ ಅದರೆದೆಯ ಮೇಲೆ ಚಕ್ರ ಹರಿಸಲು ಅಳುಕೇಕೆ? ರಸ್ತೆಗೆ ಡಾಂಬರಿಲ್ಲವೆಂದು ಗೊಣಗುವ ಲೇಖಕರು, ಟೈರು ಹರಿಯುವ ಆ ಚೂಪುಗಲ್ಲುಗಳು ಎಷ್ಟು ಮಂದಿಯನ್ನು ತಡೆದಿವೆಯೆಂದು ಯೋಚಿಸಿದ್ದುಂಟೆ?

ಟಿಂಬಿಷಾ ಎಂದರೆ ಮೈಗೆ ಬಳಿದುಕೊಳ್ಳುವ ಕೆಂಪು ಕಲ್ಲುಬಣ್ಣ. ಹೆಸರನ್ನು ಕನ್ನಡಿಸುವ ಹಟವೇ ಇದ್ದರೆ ‘ಕೆಮ್ಮಣ್ಣುಕಣಿವೆ’ ಎನ್ನಲಿ. ಕೆಮ್ಮಣ್ಣುಗುಂಡಿ ಕಂಡವರಿಗೆ ಇದು ತೋಚಬಾರದಿತ್ತೆ?