ಮಂಗಳೂರಿನ ನೆಲದಡಿ ಅಬುಧಾಬಿಯ ತೈಲ

ಮೇಲಿನ ಮಾರಿಕಣಿವೆ ಕೋಡಿ ಬೀಳುವುದೆಂದರೇನೆಂದು ಭೈರವಾನಿತಿಪ್ಪದ ಅಚ್ಚುಕಟ್ಟಿನವರಿಗೆ ಹೇಳಬೇಕಾಗಿಲ್ಲ. 1933ರ ಬಳಿಕ ಅದು ಮತ್ತೆ ಕೋಡಿ ಹರಿದದ್ದು 2022ರಲ್ಲಿ. ತೈಲದ ಮಟ್ಟಿಗೆ ಇಡೀ ಭಾರತವೇ ಹೀಗೆ ಕೆಳದಂಡೆಯ ರೈತ. ನಮಗೆ ಬೇಕಾದ ಕಚ್ಚಾತೈಲದಲ್ಲಿ ಶೇ. 80ಕ್ಕೂ ಹೆಚ್ಚು ಹೊರಗಿನಿಂದಲೇ ಬರಬೇಕು. ಕೊಲ್ಲಿಯ ತೈಲದ ಬಹುಪಾಲು ಹಾರ್ಮುಜ್ ಜಲಸಂಧಿಯ ಇಕ್ಕಟ್ಟನ್ನು ದಾಟಿ ಬರಬೇಕು.

ಆ ಕೊಲ್ಲಿಯ ಒಂದು ದಡದಲ್ಲಿ ಇರಾನ್, ಇನ್ನೊಂದರಲ್ಲಿ ಸೌದಿ ಮತ್ತು ಯುಎಇ. ಅವರ ವೈರದಲ್ಲಿ ಪಕ್ಷ ಹಿಡಿಯದ ಭಾರತ, ವ್ಯಾಪಾರದಿಂದಲೇ ನೆಂಟಸ್ತಿಕೆ ಬೆಳೆಸಿತು. ಮಂಗಳೂರಿನ ಬಂಡೆಯೊಳಗಿನ ಸಂಗ್ರಹಾಗಾರದಲ್ಲಿ 58.6 ಲಕ್ಷ ಬ್ಯಾರೆಲ್ ತೈಲವಿರಿಸಲು ಅಬುಧಾಬಿಯ ಅಡ್ನಾಕ್ ಸಂಸ್ಥೆ ಒಪ್ಪಿ, 2018ರಲ್ಲಿ ತುಂಬತೊಡಗಿತು. ಕಣಜ ನಮ್ಮದು, ಕಾಳು ಅವರದು. ಆಪತ್ತು ಬಂದರೆ ಮೊದಲ ಹಕ್ಕು ನಮ್ಮದು. ಎರಡೂ ಕಡೆಯ ಲಾಭಕ್ಕೆ ಕಟ್ಟಿದ ಇಂತಹ ಗಂಟು, ಭಾಷಣಗಳ ಸ್ನೇಹಕ್ಕಿಂತ ಗಟ್ಟಿ ಎಂಬುದು ನಮ್ಮ ಅಭಿಪ್ರಾಯ. 2022ರಲ್ಲಿ ಯುಎಇಯೊಡನೆ ಸಮಗ್ರ ಆರ್ಥಿಕ ಒಪ್ಪಂದವೂ ಜಾರಿಗೆ ಬಂತು.

ಆದರೆ ಇದೇ ಮಂಗಳೂರು ಇನ್ನೊಂದನ್ನೂ ಕಂಡಿದೆ. ಅಲ್ಲಿನ ಎಂಆರ್‌ಪಿಎಲ್ ವರ್ಷಗಟ್ಟಲೆ ಇರಾನ್ ತೈಲದ ದೊಡ್ಡ ಗಿರಾಕಿಯಾಗಿತ್ತು. 2019ರ ಮೇ ತಿಂಗಳಲ್ಲಿ ಅಮೆರಿಕದ ವಿನಾಯಿತಿ ಮುಗಿದೊಡನೆ ಭಾರತದ ಖರೀದಿಯೇ ನಿಂತಿತು. ಕೊಳ್ಳುವವನಿಗೂ ಮಾರುವವನಿಗೂ ಜಗಳವಿರಲಿಲ್ಲ; ತೂಬು ಮೂರನೆಯವರ ಕೈಯಲ್ಲಿತ್ತು. 2023ರ ಮಾರ್ಚ್‌ನಲ್ಲಿ ಸೌದಿ–ಇರಾನ್ ರಾಜಿಯಾದದ್ದು ಬೀಜಿಂಗಿನಲ್ಲಿ, ದೆಹಲಿಯಲ್ಲಲ್ಲ.

ಮಂಗಳೂರು, ಪಾದೂರು, ವಿಶಾಖಪಟ್ಟಣ ಈ ಮೂರೂ ಕಣಜಗಳ ಒಟ್ಟು ಸಾಮರ್ಥ್ಯ 53.3 ಲಕ್ಷ ಟನ್. ಅವು ತುಂಬಿದ್ದರೂ ದೇಶಕ್ಕೆ ಸುಮಾರು ಒಂಬತ್ತೂವರೆ ದಿನದ ತೈಲ. ರಾಯದುರ್ಗದ ಟ್ರಾಕ್ಟರು, ಮಕ್ಕಳ ಶಾಲೆಯ ಬಸ್ಸು ಎಲ್ಲವೂ ಆ ಲೆಕ್ಕದೊಳಗೇ ಇವೆ.